ರಾಮೆನ್‌ಗೆ ಟಿಪ್ಸ್, ಶ್ಯಾವಿಗಿಗೆ ಚೌಕಾಶಿ

ಹುಬ್ಬಳ್ಳಿ-ಧಾರವಾಡದಿಂದ ಬೆಂಗಳೂರಿಗೆ ನೌಕರಿಗೆ ಹೋದ ನಮ್ಮ ಮಂದಿ ಮೊದಲ ಸಲ ಜಪಾನಿ ಹೋಟೆಲಿಗೆ ಹೋಗಿ ರಾಮೆನ್ ತಿಂದರೆ ಎರಡು ನಮೂನೆ ಮಾತು ಹುಟ್ಟುತ್ತವೆ. ಒಂದು, ಬಟ್ಟಲಿನ ಫೋಟೋ ಹಾಕಿ 'ಲೈಫ್ ಚೇಂಜಿಂಗ್' ಅನ್ನೋದು. ಅದಕ್ಕೆ ನನ್ನ ತಕರಾರಿಲ್ಲ. ಪಗಾರ ಬಂದಿರುತ್ತದೆ, ತಿನ್ನಲಿ. ಇನ್ನೊಂದು, ಮೂಗು ಮುರಿದು "ಇದರಾಗ ಏನೈತಲೇ, ನಮ್ಮವ್ವ ಮಾಡೋ ಶ್ಯಾವಿಗಿನೇ ಅಲ್ಲೇನು" ಅನ್ನೋದು. ನನ್ನ ಜಗಳ ಇವರ ಕೂಡ.

ಮೊದಲನೆಯದಾಗಿ, ಅದು ಶ್ಯಾವಿಗೆ ಅಲ್ಲ. ರಾಮೆನ್ ಹಿಟ್ಟಿಗೆ ಕನ್ಸುಯಿ ಅನ್ನೋ ಕ್ಷಾರದ ನೀರು ಹಾಕುತ್ತಾರೆ. ಎಳೆಗೆ ಹಳದಿ ಬಣ್ಣ, ಹಲ್ಲಿಗೆ ಸಿಕ್ಕು ಪುಟಿಯೋ ಗುಣ ಬರೋದು ಅದರಿಂದ. ಬಟ್ಟಲಿನ ತಳಕ್ಕೆ ಸೋಯಾ, ಉಪ್ಪು ಇಲ್ಲವೇ ಮಿಸೊದ ಗಟ್ಟಿ ರಸ. ಅದಕ್ಕೆ ತಾರೆ ಅಂತಾರೆ. ಸಾರು ಬೇರೆ, ಹಂದಿ ಎಲುಬಿನದಾದರೆ ತಾಸುಗಟ್ಟಲೆ ಕುದಿಯಬೇಕು. ನಾನು ತಿಂದದ್ದು ಅಣಬೆ ಸಾರಿನ ಸಸ್ಯಾಹಾರಿ ಬಟ್ಟಲು. ಸುರ್ ಅಂತ ಸಪ್ಪಳ ಮಾಡಿ ತಿಂದೆ. ಜಪಾನಿನಲ್ಲಿ ಅದೇ ರೂಢಿ. ಬಿಲ್ಲು ತೆರಿಗೆ ಸೇರಿ 600 ರೂಪಾಯಿ ದಾಟಿತು. ಕೊಟ್ಟದ್ದಕ್ಕೆ ಮರುಗಲಿಲ್ಲ, ಅಷ್ಟು ಕೆಲಸ ಅದರಲ್ಲಿತ್ತು.

ಎರಡನೆಯದು, "ನಮ್ಮದು ಹಳೇದು" ಅನ್ನೋ ಜಂಬ. ರಾಮೆನ್ ಕೂಡ ಜಪಾನಿನ ಪುರಾತನ ಅಡಿಗೆಯೇನಲ್ಲ. ಚೀನಾದಿಂದ ಬಂದವರ ಗೋಧಿ ಎಳೆ ಅದು. ಟೋಕಿಯೊದ ಅಸಾಕುಸಾದಲ್ಲಿ 1910ರಲ್ಲಿ ರೈರೈಕೆನ್ ಅನ್ನೋ ಅಂಗಡಿ ತೆರೆದಾಗ ಒಲೆ ಮುಂದೆ ನಿಂತವರು ಯೊಕೊಹಾಮಾದಿಂದ ಕರೆಸಿದ ಚೀನೀ ಬಾಣಸಿಗರು. ಕೂಲಿಯವರು, ವಿದ್ಯಾರ್ಥಿಗಳು ತಿಂದು ಬೆಳೆಸಿದ ಊಟ. ಸಪ್ಪೊರೊದವರು ಮಿಸೊ ಹಾಕಿದರು, ಹಕಾಟಾದವರು ಹಂದಿ ಎಲುಬು ಕುದಿಸಿದರು. 1994ರಲ್ಲಿ ಯೊಕೊಹಾಮಾದಲ್ಲಿ ರಾಮೆನ್‌ಗೊಂದು ಮ್ಯೂಸಿಯಮ್ಮೇ ಆಯಿತು. ಇದೆಲ್ಲ ಆಗಿದ್ದು ಹಳೇದು ಅಂತಲ್ಲ. ಊರೂರಿಗೂ ಅಂಗಡಿ, ಗೋಡೆ ಮೇಲೆ ರೇಟು ಇದ್ದದ್ದರಿಂದ.

ನಮ್ಮ ಶ್ಯಾವಿಗೆಗೆ ಇಲ್ಲದ್ದು ಅದೇ. ಬೇಸಿಗೆ ಬಂತೆಂದರೆ ಗೋಧಿ ಹಸನು ಮಾಡಿ, ಬೀಸಿ, ಜರಡಿ ಹಿಡಿದು, ಹಿಟ್ಟು ನಾದಿ, ಮಣೆ ಮೇಲೆ ಅಂಗೈಯಿಂದ ಹೊಸೆಯಬೇಕು. ಒಬ್ಬಾಕೆ ಹೊಸೆದರೆ ಇನ್ನೊಬ್ಬಾಕೆ ಎಳೆ ಹಿಡಿದು ಕೋಲಿಗೆ ಹಾಕಬೇಕು. ಓಣಿಯ ಹೆಣ್ಣುಮಕ್ಕಳು ಕೂಡಿದರೆ ಒಂದು ಮನೆಯ ವರ್ಷದ ಶ್ಯಾವಿಗೆ. ಪಗಾರ ಎಷ್ಟು? ಸೊನ್ನೆ. "ಅವ್ವ ಮಾಡೋ ಶ್ಯಾವಿಗಿ" ಅನ್ನೋರು ಹೊಗಳೋದು ರುಚಿಯನ್ನಷ್ಟೇ ಅಲ್ಲ, ಪುಕ್ಕಟೆ ಸಿಕ್ಕಿದ್ದನ್ನೂ. ಜಪಾನಿ ಬಾಣಸಿಗ 12 ತಾಸು ಸಾರು ಕುದಿಸಿದರೆ ಅದು ಕಲೆ, ಹೆಣ್ಣುಮಗಳು ದಿನವಿಡೀ ಮಣೆ ಮುಂದೆ ಕೂತರೆ ಅದು ಮನೆಗೆಲಸ!

"ಹೋಟೆಲಿನಾಗ ಶ್ಯಾವಿಗಿ ಯಾರ್ ತಿಂತಾರ ಬಿಡೋ" ಅಂತ ಒಬ್ಬ ಗೆಳೆಯ ಅಂದ. ಜೋಳದ ರೊಟ್ಟಿಯೂ ಮನೆಯದೇ ಆಗಿತ್ತಲ್ಲ? ಖಾನಾವಳಿಗಳು ಬಂದವು, ರೊಟ್ಟಿ ಬಡಿಯೋದು ಹೆಣ್ಣುಮಕ್ಕಳಿಗೆ ಕೂಲಿ ಸಿಗೋ ಕೆಲಸವಾಯಿತು, ಖಡಕ್ ರೊಟ್ಟಿ ಪ್ಯಾಕೆಟ್ಟಿನಲ್ಲಿ ಬೆಂಗಳೂರು ಮುಟ್ಟಿತು. ಧಾರವಾಡದ ಲೈನ್ ಬಜಾರಿನಲ್ಲಿ ಪೇಡೆಗೆ ಮಂದಿ ಸಾಲು ನಿಲ್ಲುತ್ತಾರೆ, ಅದಕ್ಕೆ ಜಿಐ ಮಾನ್ಯತೆಯೂ ಇದೆ. ಶ್ಯಾವಿಗೆಗೆ ಒಪ್ಪುವ ಗೋಧಿಯೂ ನಮ್ಮಲ್ಲೇ ಇದೆ: ಸದಕ, ಅಂದರೆ ಜವೆ ಗೋಧಿ. ಅದರ ಡಿಡಿಕೆ 1025, ಡಿಡಿಕೆ 1029 ತಳಿಗಳನ್ನು ಕೊಟ್ಟದ್ದು ಧಾರವಾಡದ ಕೃಷಿ ವಿಶ್ವವಿದ್ಯಾಲಯ. ಇಷ್ಟಿದ್ದೂ ಹುಬ್ಬಳ್ಳಿ ತುಂಬ ಗೋಬಿ ಮಂಚೂರಿ, ನೂಡಲ್ಸ್ ಗಾಡಿಗಳು. 'ಬಸಿದ ಶ್ಯಾವಿಗೆ, ಹಾಲು, ಬೆಲ್ಲ, ತುಪ್ಪ' ಅಂತ ರೇಟು ಬರೆದ ಬೋರ್ಡು ನನಗೊಂದೂ ಕಂಡಿಲ್ಲ.

ಧಾರವಾಡದ ಕೃಷಿ ಮೇಳಕ್ಕೆ ಹೋಗಿ ನೋಡ್ರಿ. ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಶ್ಯಾವಿಗೆ ಇಟ್ಟುಕೊಂಡು ಕೂತಿರುತ್ತಾರೆ. ಬೆಂಗಳೂರಿನಲ್ಲಿ 600ರ ಬಿಲ್ಲಿನ ಮೇಲೆ 60 ಟಿಪ್ಸ್ ಇಟ್ಟು ಬಂದವರೇ ಇಲ್ಲಿ "ಅಕ್ಕಾರ, ಭಾಳ ಆತ್ರೀ, 20 ರೂಪಾಯಿ ಕಡಿಮಿ ಮಾಡ್ರಿ, ಮಷಿನ್‌ದು ಅಗ್ಗ ಸಿಗತೈತಿ" ಅಂತಾರೆ. ಮಷಿನ್‌ದು ಅಗ್ಗ ಖರೆ. ಆದರೆ ಕೈಯಿಂದ ಹೊಸೆದದ್ದು ಮಷಿನ್ ರೇಟಿಗೆ ಬೇಕು ಅನ್ನೋದು ಯಾವ ನ್ಯಾಯ?

ಈ ರೋಗ ಜಪಾನಿನಲ್ಲೂ ಇದೆ. ಬಟ್ಟಲಿಗೆ 1,000 ಯೆನ್ ದಾಟಿದರೆ ಗಿರಾಕಿ ಬರೋದಿಲ್ಲ ಅನ್ನೋ ಅಂಜಿಕೆಗೆ ಅಲ್ಲಿ 'ಸಾವಿರ ಯೆನ್ ಗೋಡೆ' ಅಂತಲೇ ಹೆಸರು. ಹಿಟ್ಟು, ಎಲುಬು, ಕರೆಂಟು ಎಲ್ಲ ತುಟ್ಟಿಯಾದವು. ರೇಟು ಏರಿಸಲಾಗದೆ ಎಷ್ಟೋ ಸಣ್ಣ ಅಂಗಡಿಗಳು ಬಾಗಿಲು ಹಾಕಿದವು. ಗಿರಾಕಿಯ ಮನಸ್ಸಿನಲ್ಲಿ ರೇಟು ಒಮ್ಮೆ ಗಟ್ಟಿಯಾದರೆ ಮಾಡೋರು ಮುಳುಗುತ್ತಾರೆ. ಶ್ಯಾವಿಗೆಯ ವಿಷಯದಲ್ಲಿ ನಮ್ಮ ಮನಸ್ಸಿನಲ್ಲಿರೋ ರೇಟು ಪುಕ್ಕಟೆಗೆ ಹತ್ತಿರ.

ಅದಕ್ಕೇ, ರಾಮೆನ್ ಮುಂದೆ ಕೂತು "ಇದು ನಮ್ಮ ಶ್ಯಾವಿಗಿನೇ" ಅನ್ನೋರು ಹಂಗಾದ್ರ ಅದರ ಕಾಲುಭಾಗದ ರೇಟನ್ನಾದರೂ ಶ್ಯಾವಿಗೆಗೆ ಕೊಡ್ರಿ. ವಿದ್ಯಾನಗರದಾಗ ಕೆಫೆ ತೆಗೆಯೋ ಪ್ಲ್ಯಾನ್ ಇದ್ದವರು ಮೆನುದಾಗ ಒಂದು ಬಟ್ಟಲು ಬಸಿದ ಶ್ಯಾವಿಗೆಗೆ 150 ಅಂತ ಬರೀರಿ, ಹೊಸೆದವರಿಗೆ ದಿನದ ಕೂಲಿ ಲೆಕ್ಕ ಹಾಕಿ ಮುಟ್ಟಸ್ರಿ. ಆಮ್ಯಾಲೆ ಯಾವುದು ರುಚಿ ಅಂತ ಬೇಕಾದಷ್ಟು ಜಗಳಾಡೂಣು.