ಹೆಸರು ಕುಡಿಯುವ ರಸಿಕರು

ಕಾಫಿಯನ್ನು ಕುರಿತು ಬರೆಯುವವರು ಈಚೆಗೆ ಹೆಚ್ಚಾಗಿದ್ದಾರೆ. ಕುಡಿಯುವವರು ಹಿಂದಿನಿಂದಲೂ ಇದ್ದರು. ಕುಡಿದು ತೀರ್ಪು ಕೊಡುವವರು ಈಗ ಬಂದಿದ್ದಾರೆ. ಇಂಥ ತೋಟದ ಅರೇಬಿಕಾದಲ್ಲಿ ಕಿತ್ತಳೆ ಸಿಪ್ಪೆಯ ಪರಿಮಳ ಉಂಟಂತೆ. ಇಂಥ ಅಂಗಡಿಯ ಪೀಬೆರಿಯಲ್ಲಿ ಬೆಲ್ಲದ ಸವಿ ಉಂಟಂತೆ. ರೊಬಸ್ಟಾ ಎಂದರೆ ಬರೀ ಕಹಿಯಂತೆ. ಚಿಕೋರಿ ಬೆರೆತದ್ದು ಕಾಫಿಯೇ ಅಲ್ಲವಂತೆ. ಇದನ್ನೆಲ್ಲ ಓದುವಾಗ ನನಗೆ ಕೇಳಬೇಕೆನಿಸುವ ಪ್ರಶ್ನೆ ಒಂದೇ. ಸ್ವಾಮಿ, ಲೋಟವನ್ನು ತುಟಿಗಿಡುವ ಮೊದಲು ಪೊಟ್ಟಣದ ಮೇಲಿನ ಹೆಸರನ್ನು ತಾವು ಓದಿದ್ದಿರೋ ಇಲ್ಲವೋ? ಓದಿದ್ದರೆ, ತಾವು ತೀರ್ಪು ಕೊಟ್ಟಿರುವುದು ಹೆಸರಿಗೆ. ಕಾಫಿಯ ವಿಚಾರಣೆ ಇನ್ನೂ ನಡೆದಿಲ್ಲ.

ಮಾತು ಕಟುವಾಯಿತೆಂದು ಕೆಲವರಿಗೆ ತೋರಬಹುದು. ಆದರೂ ಹೇಳಲೇಬೇಕಾಗಿದೆ. ಕಾಫಿಯ ವಿಮರ್ಶೆ ಎಂಬ ಮಾತಿಗೆ ಏನಾದರೂ ಅರ್ಥವಿರಬೇಕಾದರೆ, ಹೆಸರು ಮುಚ್ಚಿ ರುಚಿ ನೋಡಿದವರು ಮಾತ್ರ ಅದನ್ನು ಬರೆಯತಕ್ಕದ್ದು. ಉಳಿದದ್ದನ್ನು ಹೊಗಳಿಕೆ ಎನ್ನಿ, ಜಾಹೀರಾತು ಎನ್ನಿ, ಕವಿತ್ವ ಎನ್ನಿ, ವಿಮರ್ಶೆ ಎನ್ನಬೇಡಿ.

ಪರೀಕ್ಷೆಯ ಉತ್ತರಪತ್ರಿಕೆಯ ಮೇಲೆ ವಿದ್ಯಾರ್ಥಿಯ ಹೆಸರನ್ನು ಬರೆಯಗೊಡುವುದಿಲ್ಲ. ನಂಬರು ಮಾತ್ರ ಇರುತ್ತದೆ. ಪರೀಕ್ಷಕರೆಲ್ಲ ಪಕ್ಷಪಾತಿಗಳೆಂದು ಇದರ ಅರ್ಥವೆ? ಅಲ್ಲ. ಪ್ರಾಮಾಣಿಕನಾದ ಪರೀಕ್ಷಕನ ಕೈಯನ್ನೂ ಹೆಸರು ಅವನಿಗೆ ತಿಳಿಯದಂತೆಯೇ ಎಳೆಯಬಲ್ಲದು ಎಂಬ ವಿವೇಕ ಇದರ ಹಿಂದಿದೆ. ಹದಿನೆಂಟು ವರ್ಷದ ಹುಡುಗನಿಗೆ ತೋರಿಸುವಷ್ಟು ನ್ಯಾಯವನ್ನು ವರ್ಷವಿಡೀ ಮಳೆಗೂ ಬಿಸಿಲಿಗೂ ಬೆನ್ನುಕೊಟ್ಟು ಬೆಳೆದ ಬೀಜಕ್ಕೆ ತೋರಿಸಬಾರದೆ?

ಕಣ್ಣು ನಾಲಿಗೆಯನ್ನು ಹೇಗೆ ಆಳುತ್ತದೆ ಎಂಬುದನ್ನು ದ್ರಾಕ್ಷಾರಸದವರು ನಮಗಿಂತ ಮೊದಲು ಕಂಡುಕೊಂಡರು. ಫ್ರಾನ್ಸಿನ ಬೋರ್ಡೊ ನಗರದಲ್ಲಿ ಈ ವಿದ್ಯೆಯನ್ನೇ ಕಲಿಯುತ್ತಿದ್ದ 54 ಮಂದಿಯ ಮುಂದೆ ಬಿಳಿಯ ದ್ರಾಕ್ಷಾರಸಕ್ಕೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಇಟ್ಟರು. ಅವರು ಅದನ್ನು ವರ್ಣಿಸಲು ಆರಿಸಿಕೊಂಡದ್ದು ಕೆಂಪು ದ್ರಾಕ್ಷಾರಸಕ್ಕೆ ಸಲ್ಲುವ ಮಾತುಗಳನ್ನು. ಈ ಪ್ರಯೋಗದ ವರದಿ 2001ರಲ್ಲಿ ಪ್ರಕಟವಾಯಿತು. ಬಣ್ಣವೊಂದಕ್ಕೇ ಇಷ್ಟು ಬಲವಿದ್ದರೆ, ಪ್ರಸಿದ್ಧವಾದ ಹೆಸರಿಗೆ ಎಷ್ಟಿರಬೇಕು!

ಅದಕ್ಕೂ ಉದಾಹರಣೆ ಉಂಟು. 1976ರ ಮೇ 24ರಂದು ಪ್ಯಾರಿಸಿನಲ್ಲಿ ಸ್ಟೀವನ್ ಸ್ಪರಿಯರ್ ಎಂಬ ಆಂಗ್ಲ ವರ್ತಕ ಫ್ರಾನ್ಸಿನ ಮತ್ತು ಕ್ಯಾಲಿಫೋರ್ನಿಯದ ದ್ರಾಕ್ಷಾರಸಗಳನ್ನು ಹೆಸರು ಮುಚ್ಚಿ ಫ್ರಾನ್ಸಿನ ಪ್ರಖ್ಯಾತ ರಸಜ್ಞರ ಮುಂದಿಟ್ಟ. ಬಿಳಿಯದರಲ್ಲಿಯೂ ಕೆಂಪಿನಲ್ಲಿಯೂ ಮೊದಲ ಸ್ಥಾನ ಕ್ಯಾಲಿಫೋರ್ನಿಯಕ್ಕೆ ಬಂತು. ಒಬ್ಬ ಮಹನೀಯರಂತೂ ಕ್ಯಾಲಿಫೋರ್ನಿಯದ್ದನ್ನು ಕುಡಿದು, ಮರಳಿ ಫ್ರಾನ್ಸಿಗೆ ಬಂದಂತಾಯಿತೆಂದು ಉದ್ಗರಿಸಿದರು. ಫಲಿತಾಂಶ ಹೊರಬಿದ್ದ ಮೇಲೆ ಇನ್ನೊಬ್ಬರು ತಮ್ಮ ಅಂಕಪಟ್ಟಿಯನ್ನು ಹಿಂದಕ್ಕೆ ಕೊಡಿರೆಂದು ಕೇಳಿದರು. ಇವರಾರೂ ಅಜ್ಞಾನಿಗಳಲ್ಲ, ಆ ವಿದ್ಯೆಯಲ್ಲಿ ಕೂದಲು ನರೆತವರು. ಹೆಸರಿನ ಊರುಗೋಲು ಕೈಯಲ್ಲಿಲ್ಲದಾಗ ಅವರ ನಾಲಿಗೆ ಅವರೇ ನಿರೀಕ್ಷಿಸದ ದಿಕ್ಕಿಗೆ ನಡೆಯಿತು.

ನಮ್ಮ ಕಾಫಿಗೆ ಬರೋಣ. ಮೊದಲು ರೊಬಸ್ಟಾ. ಈ ಹೆಸರನ್ನು ಕೇಳಿದೊಡನೆ ನಮ್ಮ ರಸಿಕರ ಮೂಗು ಮುರಿಯುತ್ತದೆ. ಅರೇಬಿಕಾ ಕುಲೀನವಾದದ್ದು, ರೊಬಸ್ಟಾ ಕೂಲಿಯವನ ಕಾಫಿ ಎಂಬ ಭಾವನೆ. ಕುಲದ ಮಾತು ಬಂತಾದ್ದರಿಂದ ಕುಲವನ್ನೇ ವಿಚಾರಿಸೋಣ. ಅರೇಬಿಕಾ ಎಂಬ ಗಿಡ ಹುಟ್ಟಿದ್ದು ಬಹು ಹಿಂದೆ ಆಫ್ರಿಕದ ಕಾಡಿನಲ್ಲಿ ತಾನಾಗಿ ಆದ ಎರಡು ಜಾತಿಗಳ ಸಂಕರದಿಂದ. ಅದರ ತಂದೆತಾಯಿಗಳಲ್ಲಿ ಒಂದು ಯೂಜೆನಿಯಾಯ್ಡಿಸ್, ಇನ್ನೊಂದು ಕೆನೆಫೋರಾ, ಎಂದರೆ ಇದೇ ರೊಬಸ್ಟಾದ ಜಾತಿ. ನಮ್ಮ ತೋಟಗಳಲ್ಲಿ ಹೆಸರಾಂತ ಅರೇಬಿಕಾ ತಳಿಯಾದ ಎಸ್. 795ರ ವಂಶವೃಕ್ಷ ಇನ್ನೂ ಸ್ವಾರಸ್ಯವಾದದ್ದು. 1940ರ ದಶಕದಲ್ಲಿ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ ಬೆಳೆಗಾರರಿಗೆ ಕೊಟ್ಟ ಈ ತಳಿಯಲ್ಲಿ ಲೈಬೀರಿಕಾ ಎಂಬ ಮತ್ತೊಂದು ಜಾತಿಯ ರಕ್ತವೂ ಹರಿಯುತ್ತದೆ. ಶುದ್ಧ ಅರೇಬಿಕಾ ಎಂದು ಕೊರಳು ಕೊಂಕಿಸಿ ಕುಡಿಯುವವರು ಇದನ್ನು ತಿಳಿದರೆ ಒಳ್ಳೆಯದು. ಮಡಿಯ ಗರ್ವ ಮನುಷ್ಯರಲ್ಲಿ ಹೇಗೋ ಬೀಜದಲ್ಲಿಯೂ ಹಾಗೆಯೆ. ಹಿಂದಕ್ಕೆ ಹೋದಷ್ಟೂ ಕರಗುತ್ತದೆ.

ರೊಬಸ್ಟಾದಲ್ಲಿ ಕೆಫೀನು ಅರೇಬಿಕಾದ ಸುಮಾರು ಎರಡರಷ್ಟು, ಸಕ್ಕರೆಯ ಅಂಶ ಕಡಿಮೆ, ಕಹಿ ಹೆಚ್ಚು. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ರೊಬಸ್ಟಾ ಎಂದು ನಾವು ಸಾಮಾನ್ಯವಾಗಿ ಕುಡಿಯುವುದು ಯಾವುದನ್ನು? ಹಸಿರುಕಾಯಿ, ಕೆಂಪುಹಣ್ಣು, ಒಣಗಿದ್ದು ಎಲ್ಲವನ್ನೂ ಒಂದೇ ಸಲ ಸೆಳೆದು, ಸಿಪ್ಪೆಸಹಿತ ಕಣದಲ್ಲಿ ಒಣಗಿಸಿದ ಚೆರಿಯನ್ನು. ಕೆಂಪುಹಣ್ಣನ್ನು ಮಾತ್ರ ಆಯ್ದು ಕುಯ್ದು, ತೊಳೆದು, ಹದವಾಗಿ ಒಣಗಿಸಿದ ರೊಬಸ್ಟಾ ಬೇರೆಯೇ ಪದಾರ್ಥ. ಕಾಫಿ ಪರೀಕ್ಷಕರು ಅದಕ್ಕೆ ಪ್ರತ್ಯೇಕವಾದ ಅಂಕಪಟ್ಟಿಯನ್ನೇ ಮಾಡಿಕೊಂಡಿದ್ದಾರೆ. ನಮ್ಮ ದೇಶದ ಕಾಫಿಯ ದೊಡ್ಡ ಗಿರಾಕಿಗಳಲ್ಲಿ ಇಟಲಿ ಬಹುಕಾಲದಿಂದ ಮುಂದಿದೆ. ಅಲ್ಲಿನ ಎಸ್ಪ್ರೆಸೊ ಮಿಶ್ರಣಗಳಲ್ಲಿ ಮೇಲಿನ ದಪ್ಪನೊರೆಗೂ ಬಾಯಿ ತುಂಬುವ ಸತ್ತ್ವಕ್ಕೂ ರೊಬಸ್ಟಾ ಸೇರಿಸುವುದುಂಟು. ಕೊಡಗಿನ ಬೀಜ ಸಮುದ್ರ ದಾಟಿ ಇಟಲಿಯ ಡಬ್ಬಿ ಹೊಕ್ಕು ಮರಳಿ ಬಂದರೆ ಅಮೃತ. ಪಕ್ಕದ ಅಂಗಡಿಯಲ್ಲಿ ರೊಬಸ್ಟಾ ಎಂದು ಬರೆದು ಮಾರಿದರೆ ಕಷಾಯ! 2024ರಲ್ಲಿ ಲೋಕದ ಪೇಟೆಯಲ್ಲಿ ರೊಬಸ್ಟಾದ ಬೆಲೆ ಬಹಳವಾಗಿ ಏರಿದಾಗ ಕೆಲವು ರಸಿಕರಿಗೆ ಅದರಲ್ಲಿ ಹೊಸ ಗುಣಗಳು ಕಂಡವು. ನಾಲಿಗೆ ಬೆಲೆಪಟ್ಟಿಯನ್ನು ನೋಡಿ ಮಾತಾಡುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಇನ್ನು ಪೀಬೆರಿ. ಹಣ್ಣಿನೊಳಗೆ ಎರಡು ಬೀಜ ಇರಬೇಕಾದಲ್ಲಿ ಒಂದೇ ಬೆಳೆದು ದುಂಡಗಾದರೆ ಅದು ಪೀಬೆರಿ. ಅದೇ ಗಿಡ, ಅದೇ ಕೊಂಬೆ. ದುಂಡಗಿರುವುದರಿಂದ ಹುರಿಯುವಾಗ ಚೆನ್ನಾಗಿ ಉರುಳುತ್ತದೆ ಎನ್ನುತ್ತಾರೆ, ಇರಬಹುದು. ಆದರೆ ಪೊಟ್ಟಣದ ಮೇಲೆ ಆ ಮೂರಕ್ಷರವನ್ನು ಕಂಡ ಮಾತ್ರಕ್ಕೆ ನಾಲಿಗೆಯಲ್ಲಿ ಬೆಲ್ಲದ ಸವಿ ಹುಟ್ಟುವುದು ಬೀಜದ ಮಹಿಮೆಯಿಂದಲ್ಲ. ಊರಿನ ಹೆಸರುಗಳ ಮಾತೂ ಇಷ್ಟೆ. 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿಗಳ ಅರೇಬಿಕಾಕ್ಕೂ ವಯನಾಡಿನ ರೊಬಸ್ಟಾಕ್ಕೂ ಅರಕು ಕಣಿವೆಯ ಅರೇಬಿಕಾಕ್ಕೂ ಭೌಗೋಳಿಕ ಗುರುತು ದೊರೆಯಿತು. ಇದು ಬೆಳೆಗಾರನಿಗೆ ಒಳ್ಳೆಯದು. ಬೇರೆ ಊರಿನ ಬೀಜಕ್ಕೆ ಈ ಊರಿನ ಹೆಸರಿಡುವ ಮೋಸವನ್ನು ತಡೆಯಲು ಆಧಾರವಾಯಿತು. ಆದರೆ ಆ ಗುರುತು ಬೀಜ ಎಲ್ಲಿಂದ ಬಂತು ಎಂಬುದಕ್ಕೆ ಸಾಕ್ಷಿ. ಈ ವರ್ಷ, ಈ ತೋಟದಲ್ಲಿ, ಈ ಮೂಟೆಯಲ್ಲಿ ರುಚಿ ಹೇಗಿದೆ ಎಂಬುದಕ್ಕೆ ಲೋಟವೇ ಸಾಕ್ಷಿ ಹೇಳಬೇಕು.

ಚಿಕೋರಿಯ ಮೇಲೆ ಹರಿಯುವ ಬೈಗುಳಕ್ಕೆ ಮಿತಿಯಿಲ್ಲ. ಅದೊಂದು ಗಿಡದ ಬೇರು, ಹುರಿದು ಪುಡಿಮಾಡಿದ್ದು, ಕೆಫೀನು ಇಲ್ಲ. ನೀರಿಗೆ ಬೇಗ ಕರಗಿ ಡಿಕಾಕ್ಷನ್ನಿಗೆ ಬಣ್ಣವನ್ನೂ ಮಂದವನ್ನೂ ಕೊಡುತ್ತದೆ. ಹಾಲು ಬೆರೆತ ಮೇಲೂ ಕಾಫಿ ಸೋಲದಂತೆ ನಿಲ್ಲಿಸುತ್ತದೆ. ಈಗಿನ ನಿಯಮದಂತೆ ಇಂಥ ಮಿಶ್ರಣದಲ್ಲಿ ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆ ಇರಕೂಡದು. ಎಷ್ಟು ಬೆರೆಸಿದೆಯೆಂದು ಪೊಟ್ಟಣದ ಮೇಲೆ ಬರೆಯಲೇಬೇಕು. ಕಾಫಿಯ ಬೆಲೆಗೆ ಬೇರು ಮಾರುವವನನ್ನು ನಾನು ಸಮರ್ಥಿಸುವುದಿಲ್ಲ, ಅವನು ಕಳ್ಳ. ಆದರೆ ಹೇಳಿ ಬೆರೆಸಿದ್ದು ಅಡಿಗೆಯ ಒಂದು ಕ್ರಮ. ಸಾರಿಗೆ ಬೇಳೆ ಹಾಕಿದವರನ್ನು ಮೆಣಸಿಗೆ ದ್ರೋಹ ಮಾಡಿದರೆಂದು ಯಾರೂ ಬೈಯುವುದಿಲ್ಲ.

ಇದಕ್ಕೆ ಎರಡು ಆಕ್ಷೇಪಣೆಗಳು ಬರುತ್ತವೆಂದು ಬಲ್ಲೆ. ಮೊದಲನೆಯದು: "ಕಾಫಿ ಎಂದರೆ ಬರಿಯ ರುಚಿಯೆ? ಬೆಟ್ಟದ ನೆನಪು, ಅಜ್ಜಿಯ ಹಿತ್ತಾಳೆ ಫಿಲ್ಟರು, ಮಲೆನಾಡಿನ ಮಳೆ, ಇವೆಲ್ಲ ಲೋಟದೊಳಗಿಲ್ಲವೆ? ಹೆಸರು ಮುಚ್ಚಿದರೆ ಇವೂ ಮುಚ್ಚಿಹೋಗುತ್ತವಲ್ಲ!" ಸರಿಯಾದ ಮಾತು. ಅಜ್ಜಿಯನ್ನು ಕುರಿತು ಬರೆಯಿರಿ. ನಾನು ಮೊದಲು ಓದುತ್ತೇನೆ. ಆದರೆ ಅಜ್ಜಿಯ ನೆನಪಿಗೆ ಕೊಟ್ಟ ಅಂಕವನ್ನು ಅಂಗಡಿಯವನ ಪುಡಿಯ ಲೆಕ್ಕಕ್ಕೆ ಜಮಾ ಮಾಡಬೇಡಿ. ಅಮೆರಿಕದಲ್ಲಿ ಮೊದಲಾದ ಸ್ಪೆಷಾಲಿಟಿ ಕಾಫಿ ಸಂಘದವರು ಈಚೆಗೆ ರೂಪಿಸಿದ ಪರೀಕ್ಷಾಕ್ರಮದಲ್ಲಿ ಇದನ್ನೇ ಮಾಡಿದ್ದಾರೆ: ರುಚಿಯ ವರ್ಣನೆಗೆ ಒಂದು ಹಾಳೆ, ಇಷ್ಟಾನಿಷ್ಟಕ್ಕೆ ಇನ್ನೊಂದು, ಊರು ಮತ್ತು ಪ್ರಮಾಣಪತ್ರ ಮೊದಲಾದವುಗಳಿಗೆ ಮತ್ತೊಂದು. ನೆನಪಿಗೂ ನಾಲಿಗೆಗೂ ಬೇರೆಬೇರೆ ಖಾತೆ. ಇದಕ್ಕಿಂತ ಹೆಚ್ಚಿನದನ್ನು ನಾನೂ ಕೇಳುತ್ತಿಲ್ಲ.

ಎರಡನೆಯ ಆಕ್ಷೇಪಣೆ ಗರ್ವದ್ದು: "ಕತ್ತೆಗೇನು ಗೊತ್ತು ಕಸ್ತೂರಿಯ ಪರಿಮಳ? ಪಳಗಿದ ನಾಲಿಗೆಗೆ ಪರೀಕ್ಷೆ ಬೇಕಿಲ್ಲ." ಪಳಗಿದ ನಾಲಿಗೆ ಉಂಟೆಂಬುದನ್ನು ನಾನು ನಂಬುತ್ತೇನೆ, ನಂಬುವುದರಿಂದಲೇ ಪರೀಕ್ಷೆ ಬೇಕೆನ್ನುತ್ತೇನೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಒಬ್ಬ ಮಹಿಳೆ, ಬಟ್ಟಲಿಗೆ ಹಾಲು ಮೊದಲು ಬಿತ್ತೋ ಚಹಾ ಮೊದಲು ಬಿತ್ತೋ ಕುಡಿದು ಹೇಳಬಲ್ಲೆನೆಂದರಂತೆ. ಅಲ್ಲಿದ್ದ ಸಂಖ್ಯಾಶಾಸ್ತ್ರಜ್ಞ ಫಿಷರ್ ಅದನ್ನು ನಕ್ಕು ತಳ್ಳಿಹಾಕಲಿಲ್ಲ. 1935ರ ತಮ್ಮ ಗ್ರಂಥದಲ್ಲಿ ಆ ಪರೀಕ್ಷೆಯ ಕ್ರಮವನ್ನೇ ಬರೆದಿಟ್ಟರು: ಎಂಟು ಬಟ್ಟಲು, ನಾಲ್ಕು ಹೀಗೆ, ನಾಲ್ಕು ಹಾಗೆ, ಗೊತ್ತುಗುರಿಯಿಲ್ಲದ ಸಾಲಿನಲ್ಲಿ. ಬರಿಯ ಊಹೆಯಿಂದ ಎಂಟನ್ನೂ ಸರಿಯಾಗಿ ಹೇಳುವ ಸಂಭವ 70ರಲ್ಲಿ ಒಂದು. ಬಲ್ಲವರಿಗೆ ಪರೀಕ್ಷೆ ಅವಮಾನವಲ್ಲ. ಬಲ್ಲೆನೆಂಬ ಮಾತಿಗೆ ಸಿಗುವ ಮರ್ಯಾದೆ.

ಕಾಫಿಯನ್ನು ಕಸುಬಾಗಿ ಪರೀಕ್ಷಿಸುವವರು ಈ ಮರ್ಯಾದೆಯನ್ನು ಪಾಲಿಸುತ್ತಾರೆ. 150 ಮಿಲಿಲೀಟರು ನೀರಿಗೆ 8.25 ಗ್ರಾಂ ತರಿಪುಡಿಯ ಲೆಕ್ಕದಲ್ಲಿ ಬಟ್ಟಲುಗಳನ್ನು ಸಾಲಾಗಿಟ್ಟು, ಒಂದೊಂದು ಮಾದರಿಗೂ ಸಂಕೇತದ ನಂಬರು ಕೊಟ್ಟು, ಬಿಸಿನೀರು ಹೊಯ್ಯುತ್ತಾರೆ. ನಾಲ್ಕು ನಿಮಿಷದ ಮೇಲೆ, ಕಟ್ಟಿದ ಪದರವನ್ನು ಚಮಚದಿಂದ ಒಡೆದು ಮೂಸುತ್ತಾರೆ. ಆಮೇಲೆ ಸೊರ್ರೆಂದು ಹೀರಿ, ಉಗುಳಿ, ಅಂಕ ಬರೆಯುತ್ತಾರೆ. ಇದರಲ್ಲಿಯೂ ಒಂದು ಕೊರತೆ ಉಂಟು: ಹಾಲಿಲ್ಲ, ಸಕ್ಕರೆಯಿಲ್ಲ, ಫಿಲ್ಟರಿಲ್ಲ. ನಮ್ಮ ಜನ ಕುಡಿಯುವ ಕಾಫಿ ಅದಲ್ಲ. ಆದ್ದರಿಂದ ಅವರ ಅಂಕವನ್ನು ತಂದು ನಮ್ಮ ಲೋಟಕ್ಕೆ ಅಂಟಿಸುವುದೂ ಹೆಸರು ಕುಡಿಯುವುದರ ಇನ್ನೊಂದು ಬಗೆಯೇ. ಅವರಿಂದ ಕಲಿಯಬೇಕಾದದ್ದು ಮುಚ್ಚುವ ಕ್ರಮವನ್ನು. ಕುಡಿಯುವ ಕ್ರಮ ನಮ್ಮದಿರಲಿ.

ಇದು ಮನೆಯಲ್ಲಿಯೇ ಆಗುವ ಕೆಲಸ. ಕಳೆದ ವರ್ಷ ನಮ್ಮ ನೆರೆಮನೆಯಲ್ಲಿ ನಾವು ಮಾಡಿದೆವು. ಎರಡು ಪುಡಿ: ಒಂದು ಪೀಬೆರಿ, ಒಂದು ಸಾಮಾನ್ಯ ಅರೇಬಿಕಾ, ಎರಡಕ್ಕೂ ಚಿಕೋರಿ ಒಂದೇ ಪ್ರಮಾಣ, ಹುರಿದ ಹದ ಒಂದೇ, ಹಾಲು ಒಂದೇ. ಮೂರು ಪುಟ್ಟ ಲೋಟ; ಎರಡರಲ್ಲಿ ಒಂದೇ ಕಾಫಿ, ಮೂರನೆಯದರಲ್ಲಿ ಬೇರೆ. ಬೇರೆಯಾದದ್ದು ಯಾವುದೆಂದು ಹೇಳಬೇಕು, ಅಷ್ಟೆ. ದಿನಕ್ಕೆ ಎರಡು ಸಲದಂತೆ ಮೂರು ದಿನ, ಒಟ್ಟು ಆರು ಸಲ. ಸುರಿಯುವ ಕೆಲಸ ಅಡಿಗೆಮನೆಯಲ್ಲಿ ನನ್ನದು. ಒಯ್ದು ಕೊಡುತ್ತಿದ್ದ ಹುಡುಗನಿಗೆ ಯಾವುದರಲ್ಲಿ ಏನಿದೆಯೆಂದು ತಿಳಿಯದು. ಪೀಬೆರಿಯಲ್ಲದೆ ಬೇರೆ ಮುಟ್ಟೆನೆನ್ನುವ ಒಬ್ಬ ಮಿತ್ರರಿಗೆ ಆರರಲ್ಲಿ ಎರಡು ಸರಿಬಂತು. ಕಣ್ಣು ಮುಚ್ಚಿ ಬೆರಳಿಟ್ಟರೂ ಸರಾಸರಿ ಅಷ್ಟೇ ಬರುತ್ತದೆ. ಐದು ಸರಿಯಾಗಿ ಹೇಳಿದವರು ಆ ಮನೆಯ ಯಜಮಾನತಿ. ಊಹೆಯಿಂದ ಐದು ಅಥವಾ ಆರು ಸರಿಬರುವ ಸಂಭವ ನೂರರಲ್ಲಿ ಎರಡಕ್ಕೂ ಕಡಿಮೆ. ಮೂವತ್ತು ವರ್ಷದಿಂದ ಡಿಕಾಕ್ಷನ್ ಇಳಿಸುತ್ತಿರುವ ಆಕೆ ಕಾಫಿಯನ್ನು ಕುರಿತು ಒಂದು ಸಾಲೂ ಬರೆದವರಲ್ಲ. ಅವರಿಗೆ ಮೆಚ್ಚಿಗೆಯಾದದ್ದು ಯಾವುದೆಂದು ಕೇಳಿದಾಗ ಸಾಮಾನ್ಯ ಅರೇಬಿಕಾದ ಲೋಟವನ್ನು ತೋರಿಸಿದರು. ಪೀಬೆರಿ ಕೀಳೆಂದು ಇದರಿಂದ ಸಿದ್ಧವಾಗುವುದಿಲ್ಲ. ಬರೆಯುವವರೆಲ್ಲ ಬಲ್ಲವರಲ್ಲ, ಬಲ್ಲವರೆಲ್ಲ ಬರೆಯುವವರಲ್ಲ ಎಂಬುದು ಮಾತ್ರ ತಿಳಿಯುತ್ತದೆ.

ಒಂದು ಲೋಟ ಕಾಫಿಗೆ ಇಷ್ಟೆಲ್ಲ ರಾದ್ಧಾಂತವೇಕೆಂದು ಕೇಳಬಹುದು. ಲೋಟದ ಹಿಂದೆ ಜನ ಇದ್ದಾರೆ. ನಮ್ಮ ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಕರ್ನಾಟಕದ್ದು. ದೇಶದ ಬೆಳೆಯಲ್ಲಿ ಸುಮಾರು 70 ಪಾಲು ರೊಬಸ್ಟಾ. ಹಿಡುವಳಿಗಳಲ್ಲಿ ಬಹುಪಾಲು ಹತ್ತು ಹೆಕ್ಟೇರಿಗಿಂತ ಚಿಕ್ಕವು. ಹಿಂದೆ ಕಾಫಿ ಮಂಡಳಿಯ ಪೂಲಿನ ಕಾಲದಲ್ಲಿ ಎಲ್ಲರ ಬೀಜವೂ ಒಂದೇ ರಾಶಿ ಸೇರುತ್ತಿತ್ತು. ಆಯ್ದು ಕುಯ್ದವನ ಶ್ರಮ ಅದರಲ್ಲಿ ಮರೆಯಾಗುತ್ತಿತ್ತು. 1996ರ ಹೊತ್ತಿಗೆ ಆ ವ್ಯವಸ್ಥೆ ಪೂರ್ತಿ ಕೊನೆಗೊಂಡು, ತನ್ನ ಬೀಜವನ್ನು ತಾನೇ ಮಾರುವ ಸ್ವಾತಂತ್ರ್ಯ ಬೆಳೆಗಾರನಿಗೆ ಬಂತು. ಆದರೆ ಹೆಸರಿಲ್ಲದವನು ಹೆಸರಿನ ಪೇಟೆಯಲ್ಲಿ ಏನು ಮಾರಿಯಾನು? ಐದು ಎಕರೆ ರೊಬಸ್ಟಾ ಇರುವವನು ಕೆಂಪುಹಣ್ಣಿಗಾಗಿ ಮೂರು ಮೂರು ಸಲ ಆಳು ಕರೆಸಿ ಕೂಲಿ ಕೊಟ್ಟಾಗ, ಅವನ ಪರವಾಗಿ ಮಾತಾಡಲು ಜಾಹೀರಾತಿಲ್ಲ, ಚಿತ್ರ ಅಚ್ಚಾದ ಡಬ್ಬಿಯಿಲ್ಲ. ಇರುವುದು ಲೋಟದೊಳಗಿನ ರುಚಿ ಒಂದೇ. ಆ ರುಚಿಗೆ ಕಿವಿಗೊಡುವ ಜಾಗ, ಹೆಸರು ಮುಚ್ಚಿದ ಮೇಜು. ಅಲ್ಲಿ ದೊಡ್ಡ ಎಸ್ಟೇಟಿಗೂ ಅವನಿಗೂ ಒಂದೊಂದು ನಂಬರು.

ಆದ್ದರಿಂದ ಕಾಫಿಯನ್ನು ಕುರಿತು ಬರೆಯುವ ಮಹನೀಯರಲ್ಲಿ ನನ್ನ ಬೇಡಿಕೆ ಇಷ್ಟೆ. ತಮ್ಮ ಬರಹದ ತಲೆಯಲ್ಲಿಯೇ ಒಂದು ಸಾಲು ಬರೆಯಿರಿ: ಹೆಸರು ಮುಚ್ಚಿ ಕುಡಿದದ್ದು, ಅಥವಾ ಹೆಸರು ಓದಿ ಕುಡಿದದ್ದು. ಓದುಗರು ಉಳಿದದ್ದನ್ನು ತಾವೇ ತೂಗಿಕೊಳ್ಳುತ್ತಾರೆ. ಆ ಒಂದು ಸಾಲು ಬರೆಯುವುದಕ್ಕೆ ಯಾರಿಗಾದರೂ ಸಂಕೋಚವಾಗುವುದಾದರೆ, ಅವರು ಇದುವರೆಗೆ ಕುಡಿದದ್ದು ಏನನ್ನು ಎಂಬುದನ್ನು ನಾನು ಬೇರೆಯಾಗಿ ಹೇಳಬೇಕಾದದ್ದಿಲ್ಲ.