ಐವತ್ತಕ್ಕೆ ಹಾರ, ನಲವತ್ತಕ್ಕೆ ಗುಜರಿ

ಹಳೆಯ ಕಾರುಗಳ ವಿಷಯದಲ್ಲಿ ನಮ್ಮ ಸರ್ಕಾರಕ್ಕೆ ಎರಡು ನಾಲಗೆ. 2021ರ ಜುಲೈನಲ್ಲಿ ಹೊರಟ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ ಐವತ್ತು ವರ್ಷ ಕಳೆದು ಮೂಲರೂಪದಲ್ಲೇ ಉಳಿದಿರುವ ಕಾರು ‘ವಿಂಟೇಜ್’ ಎನಿಸಿಕೊಂಡು ಪ್ರತ್ಯೇಕ ನಂಬರು ಪಡೆಯುತ್ತದೆ. ಅದೇ ಸರ್ಕಾರ ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕವನ್ನು 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿಸಿತು. 2025ರ ಆಗಸ್ಟ್‌ನಲ್ಲಿ ಇಪ್ಪತ್ತು ದಾಟಿದ ಕಾರಿಗೆ 10,000 ಎಂದಿತು. ಹಾಗಾದರೆ ನಡುವಿನ ಮೂವತ್ತೈದು ವರ್ಷ ಆ ಕಾರು ಬದುಕುವುದು ಹೇಗೆ? ನಲವತ್ತನ್ನು ದಾಟದೆ ಐವತ್ತು ಮುಟ್ಟುವ ಪ್ರಾಣಿಯಾಗಲಿ ಯಂತ್ರವಾಗಲಿ ಲೋಕದಲ್ಲಿ ಉಂಟೇ?

ಇದು ಶ್ರೀಮಂತರ ಚಟದ ಮಾತು, ನಮಗೇಕೆ ಎಂದು ಓದುಗರು ಪುಟ ತಿರುಗಿಸಬಾರದು. ನಾವೇನೂ ಕಾರಿನ ಧಣಿಗಳಲ್ಲ. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತಿಕೆ ಮಾಡುತ್ತ, ತಾಂಬರಂ ಕಡೆಯ ಲೋಕಲ್ ರೈಲಿನಲ್ಲಿ ನಿಂತು ಓಡಾಡುವವರು. ಆದರೆ ಇಂದು ಕಾರಿನ ಬಗ್ಗೆ ಎದ್ದ ಪ್ರಶ್ನೆ ನಾಳೆ ಮನೆಯ ಮಿಕ್ಸಿಯದು, ಊರಿನ ಪಂಪ್‌ಸೆಟ್ಟಿನದು. ದುಡ್ಡು ಕೊಟ್ಟು ಕೊಂಡ ವಸ್ತುವನ್ನು ರಿಪೇರಿ ಮಾಡಿಸಿ ಬಾಳಿಸುವ ಹಕ್ಕು ನಮಗೆ ಉಂಟೋ ಇಲ್ಲವೋ?

ದೂರದ ಉದಾಹರಣೆ ಬೇಡ. ಈ ಊರಿನದನ್ನೇ ನೋಡೋಣ. ಇಂಗ್ಲೆಂಡಿನಲ್ಲಿ 1976ರಲ್ಲಿ ರೋವರ್ ಎಸ್‌ಡಿ1 ಎಂಬ ಭಾರಿ ಕಾರು ಬಂತು. ಎಂಟು ಸಿಲಿಂಡರಿನ, ಮೂರೂವರೆ ಲೀಟರಿನ ಎಂಜಿನ್. 1977ರಲ್ಲಿ ಯೂರೋಪಿನ ‘ವರ್ಷದ ಕಾರು’ ಎಂಬ ಬಿರುದು. ಅಲ್ಲಿನ ಪೊಲೀಸರು ಹೆದ್ದಾರಿ ಗಸ್ತಿಗೆ ಇಟ್ಟುಕೊಂಡ ಗಾಡಿ. ಅದೇ ಕಾರನ್ನು ನಮ್ಮ ರಸ್ತೆಗಳಿಗೆ ತಕ್ಕಂತೆ ಸ್ವಲ್ಪ ಎತ್ತರಿಸಿ, ನಾಲ್ಕು ಸಿಲಿಂಡರಿನ 1991 ಸಿಸಿಯ ಹಳೆಯ ಮಾದರಿಯ ಎಂಜಿನ್ ಕೂರಿಸಿ, ಇಲ್ಲಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಸಂಸ್ಥೆ 1985ರಲ್ಲಿ ‘ಸ್ಟ್ಯಾಂಡರ್ಡ್ 2000’ ಎಂಬ ಹೆಸರಿನಲ್ಲಿ ಹೊರತಂದಿತು. ಇದಕ್ಕೆ ಮುಂಚೆ ಹೆರಾಲ್ಡ್, ಗೆಜೆಲ್ ಕಾರುಗಳನ್ನು ಮಾಡಿದ್ದೂ ಇದೇ ಸಂಸ್ಥೆ. ಹೊಸ ಕಾರು ನೋಡಲು ಗಜಗಾಂಭೀರ್ಯ. ಆದರೆ ಮೈಗೆ ತಕ್ಕ ಶಕ್ತಿ ಎಂಜಿನ್ನಿಗಿರಲಿಲ್ಲ. 1988ರ ಹೊತ್ತಿಗೆ ತಯಾರಿಕೆ ನಿಂತೇ ಹೋಯಿತು. ಮುಚ್ಚಿದ ಕಾರ್ಖಾನೆ ಪೆರುಂಗಳತ್ತೂರಿನ ಹತ್ತಿರ ವರ್ಷಗಟ್ಟಲೆ ಪಾಳು ಬಿದ್ದಿತ್ತು. 2006ರಲ್ಲಿ ಆಸ್ತಿ ಹರಾಜಾದಾಗ ಉಳಿದಿದ್ದ ರೋವರ್ ಬಿಡಿಭಾಗಗಳಲ್ಲಿ ಬಹುಪಾಲನ್ನು ಕೊಂಡೊಯ್ದವರು ಯಾರು? ಇಂಗ್ಲೆಂಡಿನ ರಿಮ್ಮರ್ ಬ್ರದರ್ಸ್ ಎಂಬ ಬಿಡಿಭಾಗದ ವ್ಯಾಪಾರಿಗಳು! ನಮಗೆ ಗುಜರಿಯಾಗಿ ಕಂಡದ್ದು ಅವರಿಗೆ ಸರಕಾಯಿತು.

ನಮ್ಮ ಬಡಾವಣೆಯ ಹಿರಿಯ ಕನ್ನಡಿಗರೊಬ್ಬರ ಬಳಿ ಈ ಕಾರು ಇಂದಿಗೂ ಇದೆ. ಗಾಜಿನ ಸುತ್ತಲಿನ ರಬ್ಬರ್ ಒಣಗಿ ಬಿರಿದು ಮಳೆನೀರು ಒಳಕ್ಕಿಳಿಯತೊಡಗಿತು. ಕಬ್ಬಿಣ, ನೀರು, ಆಮ್ಲಜನಕ ಮೂರೂ ಕೂಡಿದರೆ ತುಕ್ಕು; ಜತೆಗೆ ಮದರಾಸಿನ ಸಮುದ್ರದ ಉಪ್ಪು ಸೇರಿದರೆ ಅದರ ವೇಗ ಇಮ್ಮಡಿ. ಬಿ.ಎಸ್‌ಸಿ.ಯಲ್ಲಿ ನಾವು ಓದಿದ ರಸಾಯನಶಾಸ್ತ್ರಕ್ಕೆ ಅವರ ಕಾರಿನ ಬಾಗಿಲ ತಳವೇ ಪ್ರಯೋಗಶಾಲೆ. ಹೋಗುವುದು ಒಂದು ರಬ್ಬರ್ ಪಟ್ಟಿ. ಅದು ಸಿಗದಿದ್ದರೆ ಹೋಗುವುದು ಇಡೀ ಮೈ. ಬೆಂಗಳೂರಿನವರಿಗೆ ಶಿವಾಜಿನಗರದ ಗುಜರಿ ಹೇಗೋ ಇಲ್ಲಿಯವರಿಗೆ ಪುದುಪೇಟೆ ಹಾಗೆ. ಅಲ್ಲಿ ತಿಂಗಳುಗಟ್ಟಲೆ ಅಲೆದರೂ ಆ ಪಟ್ಟಿ ಸಿಗಲಿಲ್ಲ. ಕೊನೆಗೆ ವಿಲಾಯತಿಯಿಂದ ತರಿಸಿದರು. ವಸ್ತುವಿನ ಬೆಲೆಗಿಂತ ಸಾಗಣೆ, ಸುಂಕಗಳೇ ಮಿಗಿಲಾದವು. ಮದರಾಸಿನ ಕಾರಿಗೆ ಬೇಕಾದ ರಬ್ಬರು ಸಮುದ್ರ ದಾಟಿ ಬರಬೇಕು!

ಈಗ ಪೆಟ್ರೋಲಿನ ಕಥೆ. ಶೇಕಡಾ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್ 2025ರ ಹೊತ್ತಿಗೆ ಬಂಕುಗಳಲ್ಲಿ ಸರ್ವೇಸಾಮಾನ್ಯವಾಯಿತು. ಎಥನಾಲ್ ನೀರನ್ನು ಹೀರುವ ಗುಣದ್ದು. ಹಳೆಯ ಕಾಲದ ರಬ್ಬರ್ ನಳಿಗೆಗಳನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ. ಅಪರೂಪಕ್ಕೆ ಓಡುವ ಕಾರಿನ ಟ್ಯಾಂಕಿನಲ್ಲಿ ನೀರು ಬೇರ್ಪಟ್ಟು ತಳ ಸೇರುವ ಭಯವೂ ಇದೆ. ಕೆಲವು ಹಳೆಯ ವಾಹನಗಳಲ್ಲಿ 20,000ದಿಂದ 30,000 ಕಿಲೋಮೀಟರ್ ಓಡಿದ ಮೇಲೆ ರಬ್ಬರ್ ಭಾಗ, ಗ್ಯಾಸ್ಕೆಟ್‌ಗಳನ್ನು ಬದಲಿಸಬೇಕಾಗಬಹುದು, ಅದೇನೂ ದೊಡ್ಡ ಖರ್ಚಲ್ಲ ಎಂದು ಪೆಟ್ರೋಲಿಯಂ ಮಂತ್ರಾಲಯವೇ ಆ ವರ್ಷ ಹೇಳಿತು. ಸಂತೋಷ. ಖರ್ಚು ದೊಡ್ಡದಲ್ಲ, ಆದರೆ ವಸ್ತು ಎಲ್ಲಿದೆ ಸ್ವಾಮಿ?

ಹಳೆಯ ಕಾರು ಹೊಗೆ ಉಗುಳುತ್ತದೆ, ಅಪಾಯ ತರುತ್ತದೆ ಎಂಬ ಆಕ್ಷೇಪ ಉಂಟು. ಸುಳ್ಳೆಂದು ನಾವು ಹೇಳುವುದಿಲ್ಲ. ಹೊಗೆ ಕಾರುವ, ಬ್ರೇಕು ಹಿಡಿಯದ ಗಾಡಿಯನ್ನು ಮುಲಾಜಿಲ್ಲದೆ ರಸ್ತೆಯಿಂದ ಇಳಿಸಲಿ. ಅದಕ್ಕೆ ತಪಾಸಣೆ ಇದೆ. ಆದರೆ ತಪಾಸಣೆಯಲ್ಲಿ ಗೆದ್ದ ಕಾರಿಗೂ ಹುಟ್ಟಿದ ವರ್ಷದ ಲೆಕ್ಕದಲ್ಲಿ ದಂಡ ಏಕೆ? ವರ್ಷಕ್ಕೆ ಸಾವಿರ ಕಿಲೋಮೀಟರ್ ಓಡುವ, ಎಣ್ಣೆ ಬದಲಿಸಿ ಕಾರ್ಬ್ಯುರೇಟರ್ ತೊಳೆದು ಜೋಪಾನ ಮಾಡಿದ ಕಾರಿಗೂ, ಹಗಲಿರುಳು ಓಡಿ ಹಣ್ಣಾದ ಗಾಡಿಗೂ ಒಂದೇ ತಕ್ಕಡಿಯೇ? ಸರ್ಕಾರ ತನ್ನ ವಾಹನಗಳಿಗೂ 2023ರ ಏಪ್ರಿಲ್ 1ರಿಂದ ಹದಿನೈದಕ್ಕೇ ಅಂತ್ಯ ಬರೆದಿದೆ. ಗುಮಾಸ್ತರಾದ ನಮಗೆ ಇದರ ಗುಟ್ಟು ಗೊತ್ತು. ಇಸವಿ ಕಡತದಲ್ಲಿ ಸಿಗುತ್ತದೆ. ಸ್ಥಿತಿ ತಿಳಿಯಬೇಕಾದರೆ ಎದ್ದು ಹೋಗಿ ಬಾನೆಟ್ ಎತ್ತಬೇಕು.

ಇನ್ನು ತಯಾರಕರ ಪಾಲು. ಬಿಡಿಭಾಗ, ರಿಪೇರಿಯ ಉಪಕರಣ, ಮಾಹಿತಿಗಳನ್ನು ಹೊರಗಿನ ಮೆಕ್ಯಾನಿಕ್‌ಗಳಿಗೆ ದೊರಕದಂತೆ ಮಾಡಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿ ದಂಡ ವಿಧಿಸಿತು. ಕಂಪನಿಗಳು ಮೇಲ್ಮನವಿಯ ಮೆಟ್ಟಿಲು ಹತ್ತಿದವು. 2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ಇಲಾಖೆ ‘ರಿಪೇರಿಯ ಹಕ್ಕಿ’ಗಾಗಿ ಒಂದು ಜಾಲತಾಣ ತೆರೆಯಿತು, ಅದರಲ್ಲಿ ಮೋಟಾರು ವಾಹನಗಳೂ ಸೇರಿವೆ. ಒಂದು ಇಲಾಖೆ ರಿಪೇರಿ ಮಾಡಿಸಿಕೊಳ್ಳಿ ಎನ್ನುತ್ತದೆ, ಇನ್ನೊಂದು ಗುಜರಿಗೆ ಹಾಕಿ ಎನ್ನುತ್ತದೆ. ಅತ್ತೆಯ ಮಾತು ಕೇಳಬೇಕೋ, ಮಾವನ ಮಾತು ಕೇಳಬೇಕೋ?

ನಮ್ಮ ಬೇಡಿಕೆ ಮೂರು. ಮೊದಲನೆಯದು, ಶುಲ್ಕವನ್ನು ವಾಹನದ ಸ್ಥಿತಿ ನೋಡಿ ನಿಗದಿ ಮಾಡಲಿ, ವಯಸ್ಸು ನೋಡಿ ಬೇಡ. ಎರಡನೆಯದು, ಒಂದು ಮಾದರಿಯ ತಯಾರಿಕೆ ನಿಂತ ಮೇಲೂ ಇಷ್ಟು ವರ್ಷ ಬಿಡಿಭಾಗ ಒದಗಿಸಲೇಬೇಕೆಂದು ಕಾನೂನಾಗಲಿ. ಮೂರನೆಯದು, ಕಾರ್ಖಾನೆ ಮುಚ್ಚಿದರೆ ಅದರ ನಕ್ಷೆ, ಅಚ್ಚುಗಳನ್ನು ಸರ್ಕಾರ ವಹಿಸಿಕೊಂಡು ಸಣ್ಣ ಕೈಗಾರಿಕೆಗಳಿಗೆ ಕೊಡಲಿ. ಅಂಬತ್ತೂರಿನಲ್ಲಿ ಲೇತ್ ಹಿಡಿದ ಕೈಗಳಿಗೇನು ಬರವೇ?

ಧರ್ಮಸ್ಥಳಕ್ಕೆ ಹೋದವರೆಲ್ಲ ಅಲ್ಲಿನ ಹಳೆಯ ಕಾರುಗಳ ಸಂಗ್ರಹ ನೋಡಿ ಬೆರಗಾಗಿ ಬಂದಿದ್ದೇವೆ. ಆ ಕಾರುಗಳಿಗೂ ನಲವತ್ತಾಗಿದ್ದ ಕಾಲ ಒಂದಿತ್ತು. ಆಗ ಯಾರೋ ಬಿಸಾಡದೆ ಉಳಿಸಿದರು. 1985ರ ಸ್ಟ್ಯಾಂಡರ್ಡ್ ಕಾರಿಗೆ ಐವತ್ತು ತುಂಬುವುದು 2035ರಲ್ಲಿ. ಅಷ್ಟರೊಳಗೆ ಈ ಮೂರು ಬೇಡಿಕೆಗಳ ಮನವಿಯೊಂದನ್ನು ನಮ್ಮ ಸಂಘದ ವತಿಯಿಂದ ದೆಹಲಿಗೆ ಕಳಿಸಬೇಕೆಂದು ಕಾರ್ಯಕಾರಿ ಸಮಿತಿಯನ್ನು ಕೋರುತ್ತೇವೆ. ಕರಡು ಬರೆದುಕೊಡುವ ಕೆಲಸ ನಮಗಿರಲಿ. ಸಹಿ ಹಾಕುವ ಕೆಲಸ ಸದಸ್ಯರದು.