ತೊಗರಿ ಕಟ್ಟಿಗೆಯೂ ವ್ಯಾಪಾರದ ಸರಕೇ?

ತೊಗರಿಯ ಕಣಜವೆಂದು ಹೆಸರಾದ ನಮ್ಮ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ರಾಶಿ ಮುಗಿದೊಡನೆ ಕಾಳು ಮಾರುಕಟ್ಟೆ ಸೇರುತ್ತದೆ. ಕಟ್ಟಿಗೆ ಒಲೆ ಸೇರುತ್ತದೆ, ಉಳಿದದ್ದು ಹೊಲದಲ್ಲಿಯೇ ಬೂದಿಯಾಗುತ್ತದೆ. ಇಂಥ ಕಟ್ಟಿಗೆಯಿಂದ ಎಥೆನಾಲ್ ತೆಗೆಯಬಹುದೆಂಬ ಮಾತನ್ನು ನಂಬಿ ಬಂಡವಾಳ ಹೂಡುವ ಮುನ್ನ ವರ್ತಕರು ವಿಷಯದ ಮೂಲವನ್ನು ಅರಿಯುವುದು ಅವಶ್ಯ.

ಸೆಲ್ಯುಲೋಸ್ ಎಂಬುದು ಗ್ಲೂಕೋಸ್ ಸಕ್ಕರೆಯ ಉದ್ದನೆಯ ಸರಪಳಿ. ಮನುಷ್ಯನು ಅದನ್ನು ಅರಗಿಸಿಕೊಳ್ಳಲಾರ. ಕಣಕಿ ಮೇಯುವ ಎತ್ತಿನ ಹೊಟ್ಟೆಯ ಬ್ಯಾಕ್ಟೀರಿಯಗಳು ಅರಗಿಸಬಲ್ಲವು. ಅವುಗಳ ಒಂದು ಕಿಣ್ವ ಸರಪಳಿಯನ್ನು ನಡುವೆ ಕತ್ತರಿಸಿದರೆ, ಇನ್ನೊಂದು ತುದಿಯಿಂದ ಎರಡೆರಡು ಕೊಂಡಿಗಳನ್ನು ಕಳಚುತ್ತದೆ. ಮತ್ತೊಂದು ಆ ಜೋಡಿಯನ್ನು ಬಿಡಿಸುತ್ತದೆ. ಕ್ಲಾಸ್ಟ್ರಿಡಿಯಂ ಥರ್ಮೋಸೆಲ್ಲಂ ಎಂಬ ಬ್ಯಾಕ್ಟೀರಿಯವಂತೂ ಸುಮಾರು 60 ಡಿಗ್ರಿ ಉಷ್ಣತೆಯಲ್ಲಿ ಸೆಲ್ಯುಲೋಸನ್ನು ಒಡೆದು, ದೊರೆತ ಸಕ್ಕರೆಯನ್ನು ತಾನೇ ಹುದುಗಿಸಿ ಎಥೆನಾಲ್, ಅಸಿಟಿಕ್ ಆಮ್ಲ, ಹೈಡ್ರೋಜನ್‌ಗಳನ್ನು ಹೊರಹಾಕುತ್ತದೆ.

ಹಾಗಾದರೆ ತೊಡಕೆಲ್ಲಿ? ಕಾಕಂಬಿಯಲ್ಲಿ ಸಕ್ಕರೆ ಸಿದ್ಧವಾಗಿಯೇ ಇದೆ. ಕಟ್ಟಿಗೆಯಲ್ಲಿ ಅದಕ್ಕೆ ಬೀಗ ಬಿದ್ದಿದೆ. ಲಿಗ್ನಿನ್ ಎಂಬ ಗಟ್ಟಿ ಪದಾರ್ಥ ಕಿಣ್ವಗಳನ್ನು ಒಳಗೆ ಬಿಡುವುದಿಲ್ಲ. ಆವಿ, ಆಮ್ಲಗಳಿಂದ ಅದನ್ನು ಸಡಿಲಿಸಬೇಕು, ಕಿಣ್ವವನ್ನು ಕೊಳ್ಳಬೇಕು. ವೆಚ್ಚವೆಲ್ಲ ಇಲ್ಲಿಯೇ.

ಲೆಕ್ಕ ನೋಡೋಣ. ಒಂದು ಟನ್ ಶುದ್ಧ ಸೆಲ್ಯುಲೋಸಿನಿಂದ ರಸಾಯನಶಾಸ್ತ್ರದ ಪ್ರಕಾರ ದೊರೆಯಬಹುದಾದ ಎಥೆನಾಲ್ ಹೆಚ್ಚೆಂದರೆ ಸುಮಾರು 720 ಲೀಟರ್. ಆದರೆ 2022ರ ಆಗಸ್ಟ್‌ನಲ್ಲಿ ಉದ್ಘಾಟನೆಯಾದ ಹರಿಯಾಣದ ಪಾಣಿಪತ್ ಘಟಕದ ಘೋಷಿತ ಗುರಿ ವರ್ಷಕ್ಕೆ 2 ಲಕ್ಷ ಟನ್ ಭತ್ತದ ಹುಲ್ಲಿನಿಂದ ಸುಮಾರು 3 ಕೋಟಿ ಲೀಟರ್. ಅಂದರೆ ಟನ್ನಿಗೆ 150 ಲೀಟರ್. ಹುಲ್ಲಿಗಿಂತ ಗಡುಸಾದ ತೊಗರಿ ಕಟ್ಟಿಗೆಯಿಂದ ಇದಕ್ಕೂ ಹೆಚ್ಚಿನ ಇಳುವರಿಯ ಭರವಸೆ ನೀಡುವವರನ್ನು ಪುರಾವೆ ಕೇಳದೆ ನಂಬಬಾರದು.

ಆದ್ದರಿಂದ ಸಣ್ಣ ಉದ್ದಿಮೆದಾರರು ಈಗಲೇ ಎಥೆನಾಲ್ ಘಟಕಕ್ಕೆ ಕೈಹಾಕುವುದು ವಿವೇಕವಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಆದರೆ ಕೈಕಟ್ಟಿ ಕೂಡುವುದೂ ಸಲ್ಲದು. ಕಟ್ಟಿಗೆ ಬರುವುದು ವರ್ಷದಲ್ಲಿ ಕೆಲವೇ ವಾರ. ಕಾರ್ಖಾನೆಗೆ ಅದು ಹನ್ನೆರಡು ತಿಂಗಳೂ ಬೇಕು. ಸಂಗ್ರಹಿಸಿ, ಚೂರು ಮಾಡಿ, ಒಣಗಿಸಿ, ಮಳೆಗೆ ಸಿಗದಂತೆ ದಾಸ್ತಾನು ಮಾಡುವುದು ಬ್ಯಾಕ್ಟೀರಿಯದ ಕೆಲಸವಲ್ಲ, ವರ್ತಕನ ಕೆಲಸ. ಚೂರು ಮಾಡಿದ ಕಟ್ಟಿಗೆಯನ್ನು ಇಟ್ಟಿಗೆಯಾಕಾರದಲ್ಲಿ ಒತ್ತಿ ಬಾಯ್ಲರಿಗೆ ಇಂಧನವಾಗಿ ಮಾರಬಹುದಾದ್ದರಿಂದ ಹೂಡಿದ ಯಂತ್ರ ವ್ಯರ್ಥವಾಗದು.

ಜೊತೆಗೆ, ಮೂರೂ ತಾಲ್ಲೂಕುಗಳ ಕಟ್ಟಿಗೆಯ ಮಾದರಿಗಳನ್ನು ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಂಥ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಲು ನಮ್ಮ ಸಂಸ್ಥೆಯೇ ಮುಂದಾಗಬೇಕು. ಸರಕಿನ ಗುಣ ತಿಳಿಯದೆ ಬೆಲೆ ಕಟ್ಟುವ ವ್ಯಾಪಾರಿ ನಮ್ಮಲ್ಲಿ ಯಾರೂ ಇಲ್ಲ. ಕಟ್ಟಿಗೆಯ ವಿಷಯದಲ್ಲಿಯೂ ಅದೇ ಪದ್ಧತಿ ನಡೆಯಲಿ.